ಕತ್ತಲು, ತಗ್ಗು ಹಾರಾಟ, ಏನೋ ಸರಿಯಿಲ್ಲ: ಸೂಪರ್ ಹರ್ಕ್ಯುಲಿಸ್ ದೋಷ ನಿವಾರಣೆ ಕೈಪಿಡಿ

ದೀಪ ಆರಿಸಿಕೊಂಡು, ನೆಲದಿಂದ 250 ಅಡಿ ಎತ್ತರದಲ್ಲಿ, ನಾಲ್ಕು ಎಂಜಿನ್ನಿನ ಸಾಗಾಟ ವಿಮಾನವನ್ನು ರಾತ್ರಿ ಹಾರಿಸುವವರಿಗೆ ದೋಷ ಹುಡುಕಲು ಎಷ್ಟು ಸಮಯ ಸಿಗುತ್ತದೆ? 220 ನಾಟ್ ವೇಗ ಎಂದರೆ ಸೆಕೆಂಡಿಗೆ 113 ಮೀಟರ್. ಹಾರುವ ದಾರಿ ಬರೀ 2 ಡಿಗ್ರಿ ಕೆಳಮುಖವಾದರೂ ವಿಮಾನ ಸೆಕೆಂಡಿಗೆ ಸುಮಾರು 4 ಮೀಟರ್ ಇಳಿಯುತ್ತದೆ. 250 ಅಡಿ ಎಂದರೆ 76 ಮೀಟರ್. ಭಾಗಿಸಿದರೆ 19 ಸೆಕೆಂಡು. ಅದೂ ಕೆಳಗಿನ ನೆಲ ಸಮತಟ್ಟಾಗಿದ್ದರೆ; ಎದುರಿಗೆ ಗುಡ್ಡವಿದ್ದರೆ ಅಷ್ಟೂ ಇಲ್ಲ.

ಆದ್ದರಿಂದ ಈ ಕೈಪಿಡಿಯಲ್ಲಿ ಗಾಳಿಯಲ್ಲಿ ಕಾಣಿಸುವ ಯಾವ ಲಕ್ಷಣಕ್ಕೂ ಮೊದಲ ಹೆಜ್ಜೆ ಒಂದೇ: ಮೇಲೇರಿ. ಆ ಪ್ರದೇಶಕ್ಕೆ ಗೊತ್ತುಮಾಡಿದ ಸುರಕ್ಷಿತ ಎತ್ತರ ತಲುಪಿ, ಆಮೇಲೆ ಕಾರಣ ಹುಡುಕಿ. ಹುಡುಕುವ ಕ್ರಮವೂ ಅಗ್ಗದ್ದರಿಂದ ದುಬಾರಿಯ ಕಡೆಗೆ. ಮೊದಲು ಕಣ್ಣು, ಆಮೇಲೆ ಗಾಗಲ್ (ಇರುಳಿನ ಅಲ್ಪ ಬೆಳಕನ್ನು ಹಿಗ್ಗಿಸಿ ತೋರಿಸುವ ಕನ್ನಡಕ), ಆಮೇಲೆ ಕೈಯಾರೆ ಕೂರಿಸಿದ ಅಂಕಿಗಳು, ಆಮೇಲೆ ಎಲ್ಲೋ ಸಿಕ್ಕಿಕೊಂಡಿರಬಹುದಾದ ವಸ್ತು, ಎಲ್ಲಕ್ಕಿಂತ ಕೊನೆಗೆ ಯಂತ್ರ. ಇದು ತಿರುವುಮುರುವಾದಾಗ ಏನಾಗುತ್ತದೆ ಎಂಬುದಕ್ಕೆ ಜಲಾಲಾಬಾದ್‌ನ ಉದಾಹರಣೆ ಮುಂದೆ ಬರುತ್ತದೆ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಸೂಪರ್ ಹರ್ಕ್ಯುಲಿಸ್ ಎಂದು ಕರೆಯುವ ಸಿ-130ಜೆ ಬಗ್ಗೆ. ಅಮೆರಿಕ ಇದೇ ಹರ್ಕ್ಯುಲಿಸ್ ವಂಶದ ವಿಮಾನಗಳನ್ನು ವಿಯೆಟ್ನಾಂ ಯುದ್ಧದ ಕಾಲದಿಂದಲೂ ವಿಶೇಷ ಕಾರ್ಯಾಚರಣೆಗೆ ಮಾರ್ಪಡಿಸುತ್ತ ಬಂದಿದೆ. ಕಾಂಬ್ಯಾಟ್ ಟ್ಯಾಲನ್ (ಎಂಸಿ-130) ಎಂದು ಹೆಸರಾದದ್ದು ಅವೇ. ನಮ್ಮ ವಾಯುಪಡೆಯ ಸಿ-130ಜೆ-30 ವಿಮಾನಗಳು 2011ರಲ್ಲಿ ಹಿಂಡನ್‌ನ 77ನೇ ಸ್ಕ್ವಾಡ್ರನ್‌ಗೆ ಬಂದವು. ಎರಡನೆಯ ತಂಡ ಪಾನಾಗಢದಲ್ಲಿದೆ. ಮೂಗಿನ ಕೆಳಗೆ ಇನ್‌ಫ್ರಾರೆಡ್ ಕ್ಯಾಮೆರಾ, ಗಾಗಲ್‌ಗೆ ಹೊಂದುವ ಕಾಕ್‌ಪಿಟ್ ದೀಪ, ಕ್ಷಿಪಣಿ ಎಚ್ಚರಿಕೆ ವ್ಯವಸ್ಥೆ, ಇವೆಲ್ಲ ರಾತ್ರಿ ಕೆಲಸಕ್ಕೆಂದೇ ಇರುವಂಥವು.

ಈ ಬರಹ ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ, ವಿಮಾನ ನಿರ್ವಹಣೆ ಓದುತ್ತಿರುವವರಿಗೆ, ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಹರ್ಕ್ಯುಲಿಸ್ ಹಾರಿಸುವ ಹುಚ್ಚಿರುವವರಿಗೆ. ನಿಜವಾದ ವಿಮಾನದಲ್ಲಿ ಅದರ ಅಧಿಕೃತ ಚೆಕ್‌ಲಿಸ್ಟ್ ಹೇಳಿದ್ದೇ ಅಂತಿಮ. ಎರಡಕ್ಕೂ ತಾಳೆಯಾಗದಿದ್ದರೆ ಇದನ್ನು ಬದಿಗಿಡಿ.

"ಗಾಗಲ್‌ನಲ್ಲಿ ಚಿತ್ರ ಮಬ್ಬಾಗಿದೆ"

ಪಕ್ಕದವರನ್ನು ಕೇಳಿ: ನಿಮಗೂ ಹಾಗೇ ಕಾಣುತ್ತಿದೆಯೇ? ಖರ್ಚಿಲ್ಲದ ಪರೀಕ್ಷೆ, ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಇಬ್ಬರಿಗೂ ಮಬ್ಬಾಗಿದ್ದರೆ ಕಾರಣ ಹೊರಗಿದೆ: ಮಂಜು, ಧೂಳು, ಕೊಳೆಯಾದ ಗಾಜು ಅಥವಾ ಕಾಕ್‌ಪಿಟ್‌ನೊಳಗಿನ ತಪ್ಪು ದೀಪ. ಒಬ್ಬರಿಗೆ ಮಾತ್ರ ಆಗಿದ್ದರೆ ಅವರ ಗಾಗಲ್, ಇಲ್ಲವೇ ಅವರ ಕಣ್ಣು.

ಒಬ್ಬರಿಗೆ ಮಾತ್ರ ಎಂದಾದರೆ, ಮಸೂರದ ಮೇಲೆ ಬೆರಳಚ್ಚೋ ಉಸಿರಿನ ಹಬೆಯೋ ಇದೆಯೇ ನೋಡಿ. ಎರಡು ಕೊಳವೆಗಳ ನಡುವಿನ ಅಂತರ ನಿಮ್ಮ ಕಣ್ಣಿಗೆ ಸರಿಹೊಂದಿದೆಯೇ? ಕಣ್ಣಿನ ಬದಿಯ ಡಯಾಪ್ಟರ್ ಉಂಗುರ, ಹೊರಬದಿಯ ಫೋಕಸ್ ಉಂಗುರ ಎರಡನ್ನೂ ಒಂದೊಂದು ಕಣ್ಣು ಮುಚ್ಚಿಕೊಂಡು ಬೇರೆ ಬೇರೆಯಾಗಿ ಹೊಂದಿಸಿ. ಆಮೇಲೆ ಬ್ಯಾಟರಿ ಬದಲಿಸಿ. ಇದೆಲ್ಲ ನೆಲದ ಮೇಲೆ, ಹಾರುವುದಕ್ಕೆ ಮುಂಚೆ ಪರೀಕ್ಷಾ ಪೆಟ್ಟಿಗೆಯ ಮುಂದೆ ಮಾಡಿ ಮುಗಿಸಬೇಕಾದ ಕೆಲಸ. ಗಾಳಿಯಲ್ಲಿ ಫೋಕಸ್ ತಿರುಗಿಸುತ್ತ ಕೂರುವ ಪೈಲಟ್ ಆ ಹೊತ್ತಿಗೆ ಬರೀ ಪ್ರಯಾಣಿಕ. ವಿಮಾನ ಇನ್ನೊಬ್ಬರ ಕೈಯಲ್ಲಿರಬೇಕು, ಮತ್ತು ಅದನ್ನು ಬಾಯಿಬಿಟ್ಟು ಹೇಳಿರಬೇಕು.

ಗಾಗಲ್‌ನಲ್ಲಿ ಕಾಣುವ ವಿಚಿತ್ರಗಳೆಲ್ಲ ದೋಷಗಳಲ್ಲ. ಹೊಸಬರು ಜೇನುಗೂಡಿನಂಥ ಜಾಲರಿ ಕಂಡು ಗಾಬರಿಯಾಗುತ್ತಾರೆ. ಬೆಳಕು ಹೆಚ್ಚಿದ್ದಾಗ ಅದು ಸಹಜ. ದೀಪದ ಸುತ್ತ ಪ್ರಭಾವಳಿ ಸಹಜ. ಸಣ್ಣ ಕಪ್ಪು ಚುಕ್ಕೆಗಳು ನೋಟಕ್ಕೆ ಅಡ್ಡ ಬರದಿದ್ದರೆ ಅವೂ ನಡೆಯುತ್ತವೆ. ನಡೆಯದೇ ಇರುವವು ಬೇರೆ. ಅಂಚಿನಿಂದ ಕಪ್ಪು ನೆರಳು ಒಳಕ್ಕೆ ಹಬ್ಬುವುದು, ಅಂಚಿನಲ್ಲಿ ಬೆಳಕಿನ ಗೆರೆ, ಬೆಳಕಿಲ್ಲದಾಗಲೂ ಹೊಳೆಯುತ್ತಲೇ ಇರುವ ಬಿಂದು, ಮಿಣುಕಿ ಆರುವ ಚಿತ್ರ. ಇವು ಕೊಳವೆಯ ಅಥವಾ ವಿದ್ಯುತ್ ಸಂಪರ್ಕದ ದೋಷ. ಬ್ಯಾಟರಿ ಬದಲಿಸಿದರೂ ನಿಲ್ಲದಿದ್ದರೆ ಆ ಗಾಗಲ್ ಆ ರಾತ್ರಿ ಹಾರಬಾರದು. ಬಿಚ್ಚಿ ನೋಡಲು ಹೋಗಬೇಡಿ. ಅದು ಕಾರ್ಯಾಗಾರದ ಕೆಲಸ.

ಇಬ್ಬರಿಗೂ ಮಬ್ಬಾಗಿದೆ, ಆದರೆ ಕಿಟಕಿಯ ಬದಿಗೆ ತಲೆ ತಿರುಗಿಸಿದರೆ ಸರಿಯಾಗುತ್ತದೆ ಎಂದಾದರೆ ಒಳಗಿನ ಬೆಳಕನ್ನು ಅನುಮಾನಿಸಿ. ಯಾರೋ ಹಚ್ಚಿದ ಮಾಮೂಲಿ ಟಾರ್ಚ್, ಆರಿಸದ ಮೊಬೈಲ್ ಪರದೆ, ಸರಕಿನ ಅಂಕಣದಿಂದ ಬರುವ ಕೆಂಪು ದೀಪ. ಗಾಗಲ್ ಹೆಚ್ಚು ಬೆಳಕು ಕಂಡ ಕೂಡಲೇ ತನ್ನ ಸೂಕ್ಷ್ಮತೆ ತಗ್ಗಿಸಿಕೊಳ್ಳುತ್ತದೆ, ಹೊರಗಿನ ಗುಡ್ಡ ಮಾಯವಾಗುತ್ತದೆ. ಮೂರು ಸೆಕೆಂಡಿನಲ್ಲಿ ಪರಿಹಾರವಾಗುವ ಈ ದೋಷ ಕಾರ್ಯಾಗಾರದ ದೂರು ಪುಸ್ತಕದವರೆಗೂ ಹೋಗುವುದುಂಟು.

"ಚಿತ್ರದಲ್ಲಿ ಚುಕ್ಕೆಗಳು ಕುಣಿಯುತ್ತಿವೆ"

ಇದು ಗಾಗಲ್ ಕೆಟ್ಟಿರುವ ಲಕ್ಷಣವಲ್ಲ, ಬೆಳಕು ಸಾಲದು ಎಂಬ ಸೂಚನೆ. ಗಾಗಲ್ ಇದ್ದಬದ್ದ ಬೆಳಕನ್ನೆಲ್ಲ ಹಿಗ್ಗಿಸುತ್ತಿದೆ, ಅದಕ್ಕೇ ಮರಳು ಸುರಿದಂತೆ ಕಾಣುತ್ತದೆ. ಚಂದ್ರ ಮುಳುಗಿದ ಮೇಲೆ ಹೀಗಾಗುವುದು ಸಹಜ.

ಆದರೆ ಚಂದ್ರ ಮೇಲಿದ್ದೂ ಚುಕ್ಕೆಗಳು ಮೆಲ್ಲಗೆ ಹೆಚ್ಚುತ್ತಿದ್ದರೆ ಹೆದರಬೇಕು. ತೆಳು ಮಂಜಿನ ಮೂಲಕ ಗಾಗಲ್ ನೋಡಬಲ್ಲದು. ಅಪಾಯ ಇರುವುದೇ ಅಲ್ಲಿ. ಬರಿಗಣ್ಣಿಗೆ ಕಾಣುವ ಮೋಡದೊಳಕ್ಕೆ ಗಾಗಲ್ ಹಾಕಿದವರು ಅರಿವಿಲ್ಲದೆ ನುಗ್ಗುತ್ತಾರೆ. ದೂರದ ದೀಪಗಳ ಪ್ರಭಾವಳಿ ದೊಡ್ಡದಾಗುವುದು, ನಕ್ಷತ್ರ ಕಡಿಮೆಯಾಗುವುದು, ಬೆಟ್ಟದ ಅಂಚು ಕರಗುವುದು, ಚುಕ್ಕೆ ಹೆಚ್ಚುವುದು: ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಗಾಗಲ್ ಕೆಳಗಿಂದ ಒಮ್ಮೆ ಬರಿಗಣ್ಣಲ್ಲಿ ನೋಡಿ. ಏನೂ ಕಾಣದಿದ್ದರೆ ತಗ್ಗು ಹಾರಾಟ ಅಲ್ಲಿಗೆ ಮುಗಿಯಿತು. 2002ರ ಆಗಸ್ಟ್ 7ರಂದು ಪೋರ್ಟೊರಿಕೊದ ಕಾಗ್ವಾಸ್ ಬಳಿ ಎಂಸಿ-130ಎಚ್ ವಿಮಾನ ರಾತ್ರಿ ತರಬೇತಿಯಲ್ಲಿ ಮಳೆ ಮಂಜಿನ ನಡುವೆ ಬೆಟ್ಟಕ್ಕೆ ಬಡಿದು 10 ಮಂದಿ ಸತ್ತರು. ಆ ವಿಮಾನದ ಬಳಿ ನೆಲದ ಏರಿಳಿತ ಹಿಂಬಾಲಿಸುವ ರಾಡಾರ್ ಇತ್ತು ಎಂಬುದನ್ನು ಮರೆಯಬಾರದು.

"ಟವರ್ ದೀಪ ಬರಿಗಣ್ಣಿಗೆ ಕಾಣುತ್ತದೆ, ಗಾಗಲ್‌ಗೆ ಇಲ್ಲ"

ಗಾಗಲ್ ಸರಿಯಾಗಿಯೇ ಇದೆ. ಕಾಕ್‌ಪಿಟ್ ದೀಪ ಕಣ್ಣಿಗೆ ಕುಕ್ಕದಿರಲೆಂದು ಗಾಗಲ್‌ನಲ್ಲಿ ಒಂದು ಶೋಧಕ ಇರುತ್ತದೆ. ಅದು ಕೆಲವು ಕೆಂಪು ಬಣ್ಣಗಳನ್ನೂ ತಡೆಯುತ್ತದೆ. ಹಳೆಯ ಬಲ್ಬು ಇನ್‌ಫ್ರಾರೆಡ್ ಕಿರಣವನ್ನೂ ಚೆಲ್ಲುತ್ತಿತ್ತು, ಹಾಗಾಗಿ ಗಾಗಲ್‌ನಲ್ಲಿ ಉರಿಯುವಂತೆ ಕಾಣುತ್ತಿತ್ತು. ಈಗ ಟವರ್‌ಗಳಿಗೆ ಹಾಕುವ ಎಲ್‌ಇಡಿ ದೀಪದಲ್ಲಿ ಆ ಕಿರಣವಿಲ್ಲ. ಊರೂರಲ್ಲೂ ಟವರ್ ಎದ್ದಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಪರಿಹಾರ ಯಂತ್ರದಲ್ಲಿಲ್ಲ: ನಕ್ಷೆಯಲ್ಲಿ ಟವರ್‌ಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ, ಗಾಗಲ್ ಅಂಚಿನಿಂದ ಆಗಾಗ ಬರಿಗಣ್ಣು ಹಾಯಿಸಿ. ವಿದ್ಯುತ್ ತಂತಿ ಎರಡಕ್ಕೂ ಕಾಣದು. ಕಂಬ ಕಂಡರೆ ತಂತಿ ಇದೆ ಎಂದೇ ಲೆಕ್ಕ.

"ಕಣ್ಣೇ ನಂಬುವಂತಿಲ್ಲ"

ನಿಂತ ದೀಪ ಓಡಾಡುವಂತೆ ಕಾಣುವುದು, ನೆಟ್ಟಗಿರುವ ವಿಮಾನ ವಾಲಿದಂತೆ ಅನ್ನಿಸುವುದು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ಎಲ್ಲಕ್ಕಿಂತ ಮೊದಲು ಕುಂದುವುದು ರಾತ್ರಿಯ ನೋಟ; 5,000 ಅಡಿಯಿಂದಲೇ ಅದರ ಪರಿಣಾಮ ಶುರು. ಗಾಗಲ್ ತೋರಿಸುವ ಕಿಂಡಿ ಸುಮಾರು 40 ಡಿಗ್ರಿ, ಬರಿಗಣ್ಣಿನ ಹರವು ಸುಮಾರು 200. ಪಕ್ಕದ ನೋಟ ಕತ್ತರಿಸಿಹೋದಾಗ ದೇಹದ ಸಮತೋಲ ಪ್ರಜ್ಞೆ ಸುಳ್ಳು ಹೇಳತೊಡಗುತ್ತದೆ.

ಪರೀಕ್ಷೆ: ಉಪಕರಣ ನೋಡಿ, ಪಕ್ಕದವರನ್ನು ಕೇಳಿ. ಉಪಕರಣವೂ ಪಕ್ಕದವರೂ ಒಂದೇ ಮಾತು ಹೇಳಿ ನಿಮ್ಮ ದೇಹ ಬೇರೆ ಹೇಳಿದರೆ ನಿಯಂತ್ರಣ ಬಿಟ್ಟುಕೊಡಿ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಇದಕ್ಕೆಂದೇ ದಿಕ್ಕುತಪ್ಪಿಸುವ ಸಿಮ್ಯುಲೇಟರೂ ಕಡಿಮೆ ಒತ್ತಡದ ಕೋಣೆಯೂ ಇವೆ. ತನ್ನ ದೇಹ ಹೇಗೆ ಮೋಸಹೋಗುತ್ತದೆ ಎಂದು ಒಮ್ಮೆ ಅಲ್ಲಿ ಕುಳಿತು ಕಂಡವರಿಗೆ ಗಾಳಿಯಲ್ಲಿ ಅದರ ಗುರುತು ಬೇಗ ಸಿಗುತ್ತದೆ.

"ಎರಡು ಎತ್ತರಮಾಪಕ, ಎರಡು ಲೆಕ್ಕ"

ಒಂದು ಗಾಳಿಯ ಒತ್ತಡದಿಂದ ಎತ್ತರ ಹೇಳುತ್ತದೆ, ಇನ್ನೊಂದು ಕೆಳಕ್ಕೆ ರೇಡಿಯೋ ಅಲೆ ಕಳಿಸಿ ಅಳೆಯುತ್ತದೆ. ಇವೆರಡೂ ಒಂದೇ ಅಂಕಿ ತೋರಿಸಬೇಕಾಗಿಲ್ಲ. ಆದರೆ ನೆಲದ ಎತ್ತರ ಕಳೆದರೆ ತಾಳೆಯಾಗಬೇಕು.

ವ್ಯತ್ಯಾಸ ಸ್ಥಿರವಾಗಿದ್ದರೆ ಮೊದಲ ಅನುಮಾನ ಕೈಯಿಂದ ಕೂರಿಸಿದ ಒತ್ತಡದ ಅಂಕಿಯ ಮೇಲೆ. ಒಂದು ಹೆಕ್ಟೋಪಾಸ್ಕಲ್ ತಪ್ಪಿದರೆ ಸುಮಾರು 27 ಅಡಿ. 1003 ಕೂರಿಸಬೇಕಾದಲ್ಲಿ 1013 ಕೂರಿಸಿದರೆ ಮಾಪಕ 270 ಅಡಿ ಹೆಚ್ಚು ತೋರಿಸುತ್ತದೆ. 250 ಅಡಿಯಲ್ಲಿ ಹಾರುತ್ತಿದ್ದೇನೆ ಎಂದುಕೊಂಡವರು ಲೆಕ್ಕದ ಪ್ರಕಾರ ಆಗಲೇ ನೆಲದೊಳಗಿರುತ್ತಾರೆ! ಒಂದೇ ಒಂದು ಅಂಕೆಯ ತಪ್ಪು. ರೇಡಿಯೋದಲ್ಲಿ ಕೇಳಿದ್ದನ್ನು ಇಬ್ಬರೂ ಬರೆದುಕೊಂಡು ಪರಸ್ಪರ ಓದಿ ಹೇಳುವ ಅಭ್ಯಾಸ ಬಂದಿರುವುದು ಇದಕ್ಕೇ.

ಲಡಾಖ್‌ನ ಚಳಿಗಾಲದಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಗಾಳಿ, ಮಾಪಕ ಲೆಕ್ಕಕ್ಕೆ ಹಿಡಿದಿರುವ ಮಾದರಿ ಉಷ್ಣಾಂಶಕ್ಕಿಂತ 10 ಡಿಗ್ರಿ ತಣ್ಣಗಿದ್ದರೆ ಒತ್ತಡದ ಮಾಪಕ ಸುಮಾರು ಶೇಕಡ 4ರಷ್ಟು ಹೆಚ್ಚು ತೋರಿಸುತ್ತದೆ. ಮಾಪಕ ಕೆಟ್ಟಿಲ್ಲ, ತಿದ್ದುಪಡಿ ಹಾಕಿಲ್ಲ ಅಷ್ಟೆ.

ರೇಡಿಯೋ ಮಾಪಕದ ಅಂಕಿ ಜಿಗಿಯುತ್ತಿದ್ದರೆ ಕೆಳಗೇನಿದೆ ನೋಡಿ. ದಟ್ಟ ಕಾಡಿನ ಮೇಲೆ ಒಮ್ಮೆ ಮರದ ತುದಿ, ಒಮ್ಮೆ ನೆಲ ಸಿಗುತ್ತದೆ. ಕಡಿದಾಗಿ ವಾಲಿದಾಗ ಅಲೆ ಪಕ್ಕಕ್ಕೆ ಹೋಗುತ್ತದೆ. ಸಮತಟ್ಟಾದ ನೀರಿನ ಮೇಲೆ, ವಿಮಾನ ನೆಟ್ಟಗಿದ್ದಾಗಲೂ ಜಿಗಿದರೆ ಆಗ ಆಂಟೆನಾ, ಕೇಬಲ್, ಒಳಹೊಕ್ಕ ನೀರು ಎಂದು ದೂರು ಬರೆಯಿರಿ. ಅಲ್ಲಿಯವರೆಗೆ ಆ ರಾತ್ರಿ ತಗ್ಗು ಹಾರಾಟ ಬೇಡ. ಇದೆಲ್ಲಕ್ಕಿಂತ ಹೆಚ್ಚು ನೆನಪಿಡಬೇಕಾದದ್ದು, ರೇಡಿಯೋ ಮಾಪಕ ಕಾಲ ಕೆಳಗಿನದನ್ನು ಮಾತ್ರ ಹೇಳುತ್ತದೆ. ಎದುರಿಗಿರುವ ಗುಡ್ಡ ಅದಕ್ಕೆ ಗೊತ್ತಿಲ್ಲ.

"ಇನ್‌ಫ್ರಾರೆಡ್ ಪರದೆಯಲ್ಲಿ ಎಲ್ಲ ಬೂದಿ ಬಣ್ಣ"

ಈಗ ತಾನೇ ಚಾಲೂ ಮಾಡಿದ್ದರೆ ಕಾಯಿರಿ. ಕ್ಯಾಮೆರಾದ ಒಳಭಾಗ ತಣ್ಣಗಾಗಲು ಕೆಲ ನಿಮಿಷ ಬೇಕು. ಹಾರುವ ಮುಂಚೆ ಕ್ಯಾಮೆರಾದ ಗಾಜು ಒರೆಸಿದ್ದಾರೆಯೇ ಕೇಳಿ. ಆಮೇಲೆ ಗಡಿಯಾರ ನೋಡಿ. ಬೆಳಗು, ಮುಸ್ಸಂಜೆಯಲ್ಲಿ ಒಂದಿಷ್ಟು ಹೊತ್ತು ಮಣ್ಣು, ಕಲ್ಲು, ರಸ್ತೆ ಎಲ್ಲದರ ಬಿಸಿ ಒಂದೇ ಮಟ್ಟಕ್ಕೆ ಬರುತ್ತದೆ. ಮಳೆ ಹೊಯ್ದ ಮೇಲೂ ಹಾಗೇ. ಕ್ಯಾಮೆರಾ ಬಿಸಿಯ ವ್ಯತ್ಯಾಸ ತೋರಿಸುವ ಯಂತ್ರ. ವ್ಯತ್ಯಾಸವೇ ಇಲ್ಲದಿದ್ದರೆ ಪಾಪ ಅದೇನು ಮಾಡೀತು? ಬಿಸಿ ಇರುವುದು ಖಚಿತವಾದ ಯಾವುದಾದರೂ ವಸ್ತುವಿನತ್ತ ತಿರುಗಿಸಿ, ಇನ್ನೊಂದು ವಿಮಾನದ ಎಂಜಿನ್ ಆದೀತು. ಅದೂ ಬೂದಿಯಾಗಿದ್ದರೆ ಮಾತ್ರ ದೋಷ.

ಗಾಗಲ್ ಮತ್ತು ಇನ್‌ಫ್ರಾರೆಡ್ ಒಂದರ ಕೊರತೆ ಇನ್ನೊಂದು ತುಂಬುತ್ತವೆ. 2023ರ ಏಪ್ರಿಲ್ 27ರ ರಾತ್ರಿ ಸುಡಾನ್‌ನ ವಾದಿ ಸೈಯದ್ನಾದಲ್ಲಿ ನಮ್ಮ ಸಿ-130ಜೆ ಇಳಿದದ್ದು ಹಾಗೆಯೇ. ಹಾಳಾದ ರನ್‌ವೇ, ದೀಪವಿಲ್ಲ, ದಾರಿ ತೋರುವ ಉಪಕರಣವಿಲ್ಲ, ಇಂಧನವಿಲ್ಲ. ರನ್‌ವೇ ಮೇಲೆ ಅಡ್ಡಿಯೇನೂ ಇಲ್ಲ ಎಂದು ಇನ್‌ಫ್ರಾರೆಡ್‌ನಲ್ಲಿ ಖಚಿತ ಮಾಡಿಕೊಂಡು, ಗಾಗಲ್ ಹಾಕಿ ಇಳಿದು, ಎಂಜಿನ್ ಆರಿಸದೆ 121 ಜನರನ್ನು ಹತ್ತಿಸಿಕೊಂಡು ಬಂದರು. ಆಗ ಸುಡಾನ್‌ನ ಬೇರೆ ಬೇರೆ ಕಡೆ ಸಿಲುಕಿದ್ದ ಭಾರತೀಯರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರೂ ಇದ್ದರೆಂಬುದು ಕರ್ನಾಟಕದಲ್ಲಿ ಹಲವರಿಗೆ ನೆನಪಿರಬಹುದು.

"ನಕ್ಷೆಯಲ್ಲಿ ವಿಮಾನ ಬೇರೆಲ್ಲೋ ಇದೆ"

ಜಿಗಿಯಿತೇ, ಜಾರಿತೇ? ಇದೇ ಮೊದಲ ಪ್ರಶ್ನೆ. ಒಳಗಿನ ಜಡತ್ವ ಸಂಚಾರ ವ್ಯವಸ್ಥೆ (ವಿಮಾನದ ಚಲನೆಯನ್ನೇ ಅಳೆದು ಜಾಗ ಲೆಕ್ಕ ಹಾಕುವಂಥದು) ತಪ್ಪುವುದಾದರೆ ಮೆಲ್ಲಗೆ, ಗಂಟೆಗೆ ಮೈಲಿಯ ಲೆಕ್ಕದಲ್ಲಿ ಜಾರುತ್ತದೆ. ಇದ್ದಕ್ಕಿದ್ದಂತೆ ಜಿಗಿದರೆ ಜಿಪಿಎಸ್ ಸಂಕೇತವನ್ನೇ ಅನುಮಾನಿಸಿ. ಎರಡರ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜಿಪಿಎಸ್ ಹೇಳುವ ಗಂಟೆ ಕೈಗಡಿಯಾರಕ್ಕೆ ಹೊಂದುತ್ತದೆಯೇ? ರಾಡಾರ್‌ನಲ್ಲಿ ಕಾಣುವ ನದಿ, ಕೆರೆ ನಕ್ಷೆಯ ಜಾಗದಲ್ಲೇ ಇವೆಯೇ?

2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಭೂಕಂಪದ ನೆರವಿಗೆ ಹೋದ ನಮ್ಮ ಸಿ-130ಜೆ ವಿಮಾನಗಳಿಗೆ ಸುಳ್ಳು ಜಿಪಿಎಸ್ ಸಂಕೇತಗಳು ಎದುರಾದವೆಂದು ವರದಿಯಾಯಿತು. ಮಾಂಡಲೆಯಲ್ಲಿ ಜಿಪಿಎಸ್ ಕೈಕೊಡಬಹುದು ಎಂಬ ಸೂಚನೆ ಮೊದಲೇ ಪ್ರಕಟವಾಗಿತ್ತು, ಮುನ್ನೆಚ್ಚರಿಕೆ ವಹಿಸಿದ್ದೆವು ಎಂದು ವಾಯುಪಡೆ ಹೇಳಿತು. ಇಲ್ಲಿ ಅತಿ ಅಗ್ಗದ ಪರೀಕ್ಷೆ ಎಂದರೆ ಹೊರಡುವ ಮುಂಚೆ ಆ ಸೂಚನಾ ಪತ್ರ ಓದುವುದು.

"ಸದ್ದು ಏರಿಳಿಯುತ್ತಿದೆ"

ಸಿ-130ಜೆಯ ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 1,020 ಸುತ್ತು, ಅಂದರೆ ಸೆಕೆಂಡಿಗೆ 17. ಆರು ಅಲಗು, ಹಾಗಾಗಿ ಕಿವಿಗೆ ಬೀಳುವ ಮೂಲಸ್ವರ 102 ಹರ್ಟ್ಸ್. ನಾಲ್ಕು ಅಲಗಿನ ಹಳೆಯ ಹರ್ಕ್ಯುಲಿಸ್‌ನದು 68. ನಾಲ್ಕೂ ಪ್ರೊಪೆಲ್ಲರ್ ಒಂದೇ ವೇಗದಲ್ಲಿದ್ದರೆ ಸದ್ದು ಒಂದೇ ಸಮ. ಒಂದು ಪ್ರೊಪೆಲ್ಲರ್ ನೂರಕ್ಕೆ ಒಂದು ಪಾಲು ಹಿಂದೆ ಬಿದ್ದರೆ ಸೆಕೆಂಡಿಗೊಮ್ಮೆ "ವ್ವ್‌ಂ... ವ್ವ್‌ಂ" ಎಂದು ಉಬ್ಬಿ ತಗ್ಗುತ್ತದೆ, ಶ್ರುತಿ ಕೂಡದ ಎರಡು ತಂಬೂರಿಗಳನ್ನು ಒಟ್ಟಿಗೆ ಮೀಟಿದ ಹಾಗೆ.

ಏರಿಳಿತದ ಲಯ ಸ್ಥಿರವಾಗಿದ್ದರೆ ಪ್ರೊಪೆಲ್ಲರ್‌ಗಳನ್ನು ಹೊಂದಿಸುವ ವ್ಯವಸ್ಥೆಯ ಸಣ್ಣ ದೋಷ. ಕಿರಿಕಿರಿಯಾದೀತು, ಅಪಾಯವಿಲ್ಲ, ಇಳಿದ ಮೇಲೆ ಬರೆಯಿರಿ. ಲಯವೇ ಬದಲಾಗುತ್ತಿದ್ದರೆ ಯಾವುದೋ ಒಂದು ಪ್ರೊಪೆಲ್ಲರ್‌ನ ವೇಗ ತೂಗಾಡುತ್ತಿದೆ. ನಾಲ್ಕೂ ಅಂಕಿ ನೋಡಿ, ಯಾವುದೆಂದು ಗುರುತಿಸಿ, ಚೆಕ್‌ಲಿಸ್ಟ್ ತೆಗೆಯಿರಿ. ಸದ್ದಿನ ಜೊತೆ ಆಸನದ ಅಡಿಯಲ್ಲಿ ನಡುಕವೂ ಬಂದರೆ ಕಾರ್ಯಾಚರಣೆ ಬಿಟ್ಟು ಹತ್ತಿರದ ನೆಲೆಗೆ ಹೋಗಿ.

"ಎಂಜಿನ್ ಹಿಡಿಯುತ್ತಿಲ್ಲ"

ಎಂಜಿನ್ ತಿರುಗುತ್ತಲೇ ಇಲ್ಲವೆಂದರೆ ಅದನ್ನು ತಿರುಗಿಸುವ ಗಾಳಿ ಬರುತ್ತಿಲ್ಲ: ಸಹಾಯಕ ಎಂಜಿನ್ನಿನ ಒತ್ತಡ, ಕವಾಟ, ಸ್ಟಾರ್ಟರ್. ತಿರುಗುತ್ತಿದೆ, ಆದರೆ ಹೊತ್ತುತ್ತಿಲ್ಲವೆಂದರೆ ಇಂಧನ ಅಥವಾ ಕಿಡಿ. ಹೊತ್ತಿಕೊಂಡು ಅರ್ಧಕ್ಕೇ ನಿಂತು, ವೇಗ ಏರದೆ ಟರ್ಬೈನ್ ಬಿಸಿ ಮಾತ್ರ ಏರುತ್ತಿದ್ದರೆ ತಕ್ಷಣ ನಿಲ್ಲಿಸಿ. ಸಿ-130ಜೆಯಲ್ಲಿ ಕಂಪ್ಯೂಟರೇ ಇದನ್ನು ಗಮನಿಸುತ್ತದೆ. ಆದರೂ ಕೈ ಸ್ವಿಚ್ ಬಳಿಯೇ ಇರಲಿ. ಮತ್ತೆ ಮತ್ತೆ ಪ್ರಯತ್ನಿಸಿ ಸ್ಟಾರ್ಟರ್ ಸುಡುವುದಕ್ಕಿಂತ ಎರಡನೆಯ ವೈಫಲ್ಯಕ್ಕೇ ತಂತ್ರಜ್ಞರನ್ನು ಕರೆಯುವುದು ಒಳ್ಳೆಯದು.

1970ರ ನವೆಂಬರ್‌ನಲ್ಲಿ ಉತ್ತರ ವಿಯೆಟ್ನಾಂನ ಸೊನ್ ತೇ ಸೆರೆ ಶಿಬಿರದ ಮೇಲೆ ದಾಳಿಗೆ ಹೊರಟ ಕಾಂಬ್ಯಾಟ್ ಟ್ಯಾಲನ್‌ಗಳಲ್ಲಿ ಒಂದು, ಥಾಯ್ಲೆಂಡ್‌ನ ತಾಖ್ಲಿಯಲ್ಲಿ ಎಂಜಿನ್ ಹಿಡಿಯದೆ ತಡವಾಗಿ ಹೊರಟಿತು. ಹೆಲಿಕಾಪ್ಟರ್‌ಗಳಿಗೆ ದಾರಿ ತೋರಿಸಬೇಕಾದ ವಿಮಾನ ಅದು. ಆದರೂ ದಾರಿಯಲ್ಲಿ ಸಮಯ ಸರಿದೂಗಿಸಿಕೊಂಡು ಮುಟ್ಟಿತು. ಯೋಜನೆಯಲ್ಲಿ ನಿಮಿಷಗಳನ್ನು ಉಳಿಸಿಟ್ಟಿದ್ದರೆ ಮಾತ್ರ ದೋಷವನ್ನು ತಣ್ಣಗೆ ಹುಡುಕಲು ಆಗುತ್ತದೆ.

"ವಿಮಾನ ತಾನಾಗಿ ಒಂದು ಬದಿಗೆ ಉರುಳಿತು"

ಮೂಗು ಮೊದಲು ಪಕ್ಕಕ್ಕೆ ಹೊರಳಿ ಆಮೇಲೆ ರೆಕ್ಕೆ ವಾಲಿದರೆ ಆ ಬದಿಯ ಎಂಜಿನ್ ಸೋತಿದೆ. ಅಂಕಿಗಳೂ ಅದನ್ನೇ ಹೇಳುತ್ತವೆ. ಮೆಲ್ಲಗೆ, ನಿಮಿಷಗಳ ಕಾಲ ಭಾರವಾಗುತ್ತ ಹೋದರೆ ಹಿಮ ಅಥವಾ ಇಂಧನದ ಅಸಮತೋಲ. ಎಂಜಿನ್ ಅಂಕಿ ನಾಲ್ಕೂ ಸಮವಿದ್ದು, ರೆಕ್ಕೆ ಫಕ್ಕನೆ ವಾಲಿ, ಮುಂದೆ ಇನ್ನೊಂದು ವಿಮಾನ ಹಾರುತ್ತಿದ್ದರೆ ಅದು ಅದರ ರೆಕ್ಕೆ ತುದಿಯಿಂದ ಬಂದ ಸುಳಿಗಾಳಿ.

ಆ ಸುಳಿ ಕಣ್ಣಿಗೂ ಕಾಣದು, ಗಾಗಲ್‌ಗೂ ಕಾಣದು, ಯಾವ ಮಾಪಕವೂ ಎಚ್ಚರಿಸದು. ಮುಂದಿನ ವಿಮಾನ ಭಾರವಾಗಿದ್ದಷ್ಟೂ, ನಿಧಾನವಾಗಿದ್ದಷ್ಟೂ ಸುಳಿ ಬಲ. ಅದು ಕೆಳಕ್ಕೆ ಇಳಿಯುತ್ತ, ಗಾಳಿ ಬೀಸಿದತ್ತ ಸರಿಯುತ್ತದೆ. ಆದ್ದರಿಂದ ಪಾರಾಗುವ ದಿಕ್ಕು ಮೇಲಕ್ಕೆ, ಮತ್ತು ಗಾಳಿ ಬರುವ ಕಡೆಗೆ. 2014ರ ಮಾರ್ಚ್ 28ರಂದು ಆಗ್ರಾದಿಂದ ಹೊರಟಿದ್ದ ನಮ್ಮ ಸಿ-130ಜೆ ಗ್ವಾಲಿಯರ್‌ನ ಪಶ್ಚಿಮಕ್ಕೆ ತಗ್ಗು ಹಾರಾಟದ ತರಬೇತಿಯಲ್ಲಿ ಬಿದ್ದು 5 ಮಂದಿ ಸತ್ತರು. ಮುಂದಿದ್ದ ವಿಮಾನದ ಸುಳಿಗೆ ಸಿಕ್ಕಿದ್ದೇ ಕಾರಣವೆಂದು ವರದಿಯಾಯಿತು. ಹಗಲಿನಲ್ಲೇ ಹೀಗಾದರೆ, ಮುಂದಿನ ವಿಮಾನದ ದೂರವನ್ನು ಗಾಗಲ್‌ನಲ್ಲಿ ಅಂದಾಜು ಮಾಡುವುದು ಇನ್ನೂ ಕಷ್ಟ. ಇದನ್ನು ತಿದ್ದಬಲ್ಲ ತಂತ್ರಜ್ಞರು ಯಾರೂ ಇಲ್ಲ. ಅಂತರ ಕಾಯ್ದುಕೊಳ್ಳುವುದೊಂದೇ ದಾರಿ.

"ಯೋಕ್ ಮುಂದಕ್ಕೆ ಹೋಗುತ್ತಿಲ್ಲ"

2015ರ ಅಕ್ಟೋಬರ್ 2, ಅಫ್ಘಾನಿಸ್ತಾನದ ಜಲಾಲಾಬಾದ್. ರಾತ್ರಿ, ಎಂಜಿನ್ ಚಾಲೂ ಇಟ್ಟುಕೊಂಡೇ ಅಮೆರಿಕದ ಸಿ-130ಜೆ ಒಂದರಲ್ಲಿ ಸರಕಿನ ಕೆಲಸ ನಡೆದಿತ್ತು. ಸರಕು ಎತ್ತರದ್ದು. ಹಿಂಬಾಗಿಲಿನ ಮೇಲಿನ ಎಲಿವೇಟರ್ (ಮೂಗು ಏರಿಳಿಸಲು ಬಾಲದಲ್ಲಿರುವ ಹಲಗೆ) ಅಡ್ಡ ಬರದಿರಲೆಂದು ಪೈಲಟ್ ಯೋಕ್, ಅಂದರೆ ಅದನ್ನು ಆಡಿಸುವ ಹಿಡಿ, ಎಳೆದು ಹಿಡಿದರು. ಕೈ ಸೋತಾಗ ಗಾಗಲ್ ಇಡುವ ಗಟ್ಟಿ ಡಬ್ಬಿಯನ್ನು ಯೋಕ್‌ನ ಮುಂದೆ ತುರುಕಿದರು. ಸರಕಿನ ಕೆಲಸ ಮುಗಿಯಿತು. ಡಬ್ಬಿ ಅಲ್ಲೇ ಉಳಿಯಿತು. ಕತ್ತಲ ಕಾಕ್‌ಪಿಟ್‌ನಲ್ಲಿ, ಗಾಗಲ್ ಹಾಕಿಕೊಂಡ ಕಣ್ಣಿಗೆ ಅದು ಕಾಣಲಿಲ್ಲ.

ನೆಲ ಬಿಟ್ಟ ಕೂಡಲೇ ಮೂಗು ಏರುತ್ತಲೇ ಹೋಯಿತು. ಕೋಪೈಲಟ್ ಅದನ್ನು ಟ್ರಿಮ್ (ಯೋಕ್ ಮೇಲಿನ ಭಾರ ತಗ್ಗಿಸುವ ಹೊಂದಾಣಿಕೆ) ದೋಷವೆಂದು ಗ್ರಹಿಸಿ ಅದಕ್ಕೆ ಬೇಕಾದ ಕ್ರಮ ಕೈಗೊಂಡರು. ವಿಮಾನ ವೇಗ ಕಳೆದುಕೊಂಡು ಬಿತ್ತು. ನೆಲ ಬಿಟ್ಟ ಮೇಲೆ ಕಳೆದದ್ದು ಸುಮಾರು 28 ಸೆಕೆಂಡು. ವಿಮಾನದಲ್ಲಿದ್ದ 11 ಮಂದಿ, ನೆಲದ ಮೇಲಿದ್ದ 3 ಅಫ್ಘನ್ ಕಾವಲಿನವರು ಸತ್ತರು. ವಿಮಾನದಲ್ಲಿ ಯಾಂತ್ರಿಕ ದೋಷ ಇರಲಿಲ್ಲ.

ಲಕ್ಷಣಗಳನ್ನು ಬಿಡಿಸಿ ನೋಡಿದರೆ ವ್ಯತ್ಯಾಸ ಸಿಗುತ್ತದೆ. ಟ್ರಿಮ್ ಕೆಟ್ಟಿದ್ದರೆ ಯೋಕ್ ಭಾರವಾಗುತ್ತದೆ. ಆದರೆ ಬಲ ಹಾಕಿದರೆ ಸರಿಯುತ್ತದೆ, ಟ್ರಿಮ್‌ನ ಅಂಕಿಯೂ ಅಸಹಜ ಜಾಗದಲ್ಲಿರುತ್ತದೆ. ಹೈಡ್ರಾಲಿಕ್ ನೆರವು ಹೋಗಿದ್ದರೆ ಎಳೆದರೂ ತಳ್ಳಿದರೂ ಭಾರ, ಎಲ್ಲ ಜಾಗದಲ್ಲೂ ಒಂದೇ ಭಾರ. ಒತ್ತಡದ ದೀಪವೂ ಹೊತ್ತಿರುತ್ತದೆ. ಏನೋ ಸಿಕ್ಕಿಕೊಂಡಿದ್ದರೆ ಒಂದು ದಿಕ್ಕಿಗೆ ಸಲೀಸು, ಇನ್ನೊಂದು ದಿಕ್ಕಿಗೆ ಪ್ರತಿಸಲವೂ ಅದೇ ಜಾಗದಲ್ಲಿ ಠಕ್ಕೆಂದು ನಿಲ್ಲುತ್ತದೆ. ಠಕ್ಕೆಂದು ನಿಂತರೆ ಮೊದಲು ಕೈ ಹಾಕಿ ತಡಕಬೇಕಾದದ್ದು ಯೋಕ್‌ನ ಮುಂದೆ, ಕೆಳಗೆ, ಪೆಡಲ್‌ಗಳ ಸುತ್ತ.

ಆದರೆ ನಿಜ ಹೇಳಬೇಕೆಂದರೆ, ಗಾಳಿಗೇರಿದ ಮೇಲೆ ಇದನ್ನೆಲ್ಲ ಬಿಡಿಸಿ ನೋಡಲು ಆ ಸೆಕೆಂಡುಗಳು ಸಾಲವು. ಈ ದೋಷ ನೆಲದ ಮೇಲೇ ಸಿಗಬೇಕು. ಸರಕಿನ ಕೆಲಸವಾದ ಮೇಲೆ, ರನ್‌ವೇ ತುದಿಯಲ್ಲಿ, ಯೋಕ್ ಮತ್ತು ಪೆಡಲ್‌ಗಳನ್ನು ಎಲ್ಲ ದಿಕ್ಕಿಗೂ ಕೊನೆಯವರೆಗೆ ಒಮ್ಮೆ ಚಲಾಯಿಸಿ ನೋಡುವುದು. ಬೆಳಿಗ್ಗೆ ಮಾಡಿದ್ದೆವು, ಹೋದ ನಿಲ್ದಾಣದಲ್ಲಿ ಮಾಡಿದ್ದೆವು ಎಂಬುದು ಲೆಕ್ಕಕ್ಕಿಲ್ಲ. ಚೆಕ್‌ಲಿಸ್ಟ್‌ನಲ್ಲಿ ಇಲ್ಲದ ಏನನ್ನೇ ಎಲ್ಲೇ ತುರುಕಿದರೂ ಆ ಮಾತನ್ನು ಜೋರಾಗಿ ಹೇಳಿ, ಸರಕು ನೋಡಿಕೊಳ್ಳುವ ಲೋಡ್‌ಮಾಸ್ಟರ್ ಸೇರಿ ಎಲ್ಲರ ಕಿವಿಗೂ ಬೀಳಲಿ. ನನ್ನ ಕೇಳಿದರೆ ಇಡೀ ಕೈಪಿಡಿಯಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ ಎನ್ನುತ್ತೇನೆ.

"ಎಚ್ಚರಿಕೆ ದೀಪ ಹೊತ್ತಿದೆ, ಬೇರೇನೂ ಕಾಣುತ್ತಿಲ್ಲ"

1980ರ ಏಪ್ರಿಲ್‌ನಲ್ಲಿ ಇರಾನಿನ ಒತ್ತೆಯಾಳುಗಳನ್ನು ಬಿಡಿಸಲು ಅಮೆರಿಕ ಹೊರಟಾಗ ಹರ್ಕ್ಯುಲಿಸ್ ವಂಶದ ಎಂಸಿ-130 ಮತ್ತು ಇಸಿ-130 ವಿಮಾನಗಳು ಮರುಭೂಮಿಯ ಸಂಕೇತ ಸ್ಥಳಕ್ಕೆ ತಲುಪಿದವು. ಹಡಗಿನಿಂದ ಹೊರಟ ಹೆಲಿಕಾಪ್ಟರ್ 8. ಬೇಕಾದದ್ದು ಕನಿಷ್ಠ 6. ಒಂದರಲ್ಲಿ ರೆಕ್ಕೆ ಅಲಗು ಬಿರುಕುಬಿಟ್ಟಿರಬಹುದು ಎಂಬ ದೀಪ ಹೊತ್ತಿತು. ಇಳಿಸಿ, ಅಲ್ಲೇ ಬಿಟ್ಟರು. ಅಲಗಿನೊಳಗೆ ತುಂಬಿದ ಸಾರಜನಕದ ಒತ್ತಡ ಇಳಿದರೆ ಆ ದೀಪ ಹೊತ್ತುತ್ತದೆ. ಒತ್ತಡ ಇಳಿಯಲು ಬಿರುಕೇ ಆಗಬೇಕಿಲ್ಲ, ಬೇರೆ ಸೋರಿಕೆಯೂ ಸಾಕು. ಇನ್ನೊಂದು ಹೆಲಿಕಾಪ್ಟರ್ ಧೂಳಿನಲ್ಲಿ ಉಪಕರಣ ಕೈಕೊಟ್ಟು ಹಿಂದಿರುಗಿತು. ಮುಂದೆ ಆಕಾಶ ತಿಳಿಯಾಗಿದೆ ಎಂದು ಅದಕ್ಕೆ ಯಾರೂ ತಿಳಿಸಿರಲಿಲ್ಲ. ಮೂರನೆಯದರ ಹೈಡ್ರಾಲಿಕ್ ಸೋತಿತು. ಉಳಿದದ್ದು 5. ಕಾರ್ಯಾಚರಣೆ ಕೈಬಿಟ್ಟು ಹೊರಡುವಾಗ ಎದ್ದ ಧೂಳಿನಲ್ಲಿ ಒಂದು ಹೆಲಿಕಾಪ್ಟರ್ ಇಸಿ-130ಗೆ ಬಡಿದು 8 ಮಂದಿ ಸತ್ತರು.

ದೀಪವನ್ನು ಕಡೆಗಣಿಸಿ ಎಂದು ಇದರ ಅರ್ಥವಲ್ಲ. ದೀಪ ಯಾವುದನ್ನು ಅಳೆಯುತ್ತದೆ, ಅದಕ್ಕೆ ಹೊಂದುವ ಎರಡನೆಯ ಲಕ್ಷಣ ಯಾವುದು ಎಂದು ಹೊರಡುವ ಮುಂಚೆ ಗೊತ್ತಿರಬೇಕು. ಬೆಂಕಿ, ಪ್ರೊಪೆಲ್ಲರ್, ನಿಯಂತ್ರಣ ಇವುಗಳ ದೀಪಕ್ಕೆ ಮಾತ್ರ ಎರಡನೆಯ ಲಕ್ಷಣ ಕಾಯುತ್ತ ಕೂರಬೇಡಿ.

"ಇಳಿದ ಮೇಲೆ ಚಕ್ರದಿಂದ ಹೊಗೆ"

ಎತ್ತರದ ಜಾಗದ ರನ್‌ವೇಯಲ್ಲಿ ಇದು ಬಹುಪಾಲು ದೋಷವಲ್ಲ, ಭೌತಶಾಸ್ತ್ರ. ಲಡಾಖ್‌ನ ದೌಲತ್ ಬೇಗ್ ಓಲ್ಡಿ 16,614 ಅಡಿ ಎತ್ತರದಲ್ಲಿದೆ. 2013ರ ಆಗಸ್ಟ್ 20ರಂದು ಸಿ-130ಜೆ ಅಲ್ಲಿ ಇಳಿಯಿತು. ಅಷ್ಟು ತೆಳು ಗಾಳಿಯಲ್ಲಿ ಮಾಪಕ ಎಂದಿನ ವೇಗ ತೋರಿಸುತ್ತಿದ್ದರೂ ನೆಲದ ಮೇಲಿನ ವೇಗ ಸುಮಾರು ಶೇಕಡ 30ರಷ್ಟು ಹೆಚ್ಚು. ಬ್ರೇಕ್ ನುಂಗಬೇಕಾದ ಶಕ್ತಿ ಮೂರನೇ ಎರಡು ಪಾಲು ಹೆಚ್ಚು.

ಎಚ್ಚರ: ಬಿಸಿಯಾದ ಚಕ್ರದ ಪಕ್ಕಕ್ಕೆ ಹೋಗಬೇಡಿ, ಸಿಡಿದರೆ ಚೂರು ಹಾರುವುದು ಪಕ್ಕಕ್ಕೇ. ಹತ್ತಿರ ಹೋಗಲೇಬೇಕಾದರೆ ಮುಂದಿನಿಂದ ಅಥವಾ ಹಿಂದಿನಿಂದ. ನಿಂತ ಮೇಲೂ ಒಂದಷ್ಟು ಹೊತ್ತು ಬಿಸಿ ಏರುತ್ತಲೇ ಇರುತ್ತದೆ, ಹೊಗೆ ನಿಂತಿತೆಂದು ನೀರು ಎರಚಬೇಡಿ. ಹೈಡ್ರಾಲಿಕ್ ಸೋರಿಕೆಯನ್ನು ಬೆರಳಿನಿಂದ ತಡಕುವುದೂ ಬೇಡ. 3,000 ಪಿಎಸ್ಐ ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ರಟ್ಟು ಹಿಡಿದು ನೋಡಿ. ಕತ್ತಲಲ್ಲಿ ಪ್ರೊಪೆಲ್ಲರ್ ತಿರುಗುತ್ತಿರುವುದು ಗೊತ್ತಾಗುವುದಿಲ್ಲ. ಫ್ಲೇರ್ (ಕ್ಷಿಪಣಿಯ ದಾರಿತಪ್ಪಿಸಲು ಉರಿಸಿ ಎಸೆಯುವ ಬತ್ತಿ) ಹೊಂದಿದ ವಿಮಾನದ ಪಕ್ಕ ನಡೆಯುವ ಮುಂಚೆ ಸುರಕ್ಷಾ ಪಿನ್ ಹಾಕಿದ್ದಾರೆಯೇ ಕೇಳಿ.

"ನೆಲದ ಮೇಲೆ ಎಲ್ಲ ಸರಿಯಾಗಿಯೇ ಇದೆ"

ರಾತ್ರಿ ಕಂಡ ದೋಷ ಬೆಳಿಗ್ಗೆ ಹ್ಯಾಂಗರ್‌ನಲ್ಲಿ ಕಾಣುವುದಿಲ್ಲ. "ಗಾಗಲ್ ಸರಿಯಿಲ್ಲ", "ಎತ್ತರಮಾಪಕ ತಪ್ಪು" ಎಂದಷ್ಟೇ ಬರೆದ ದೂರಿನಿಂದ ತಂತ್ರಜ್ಞರಿಗೆ ಏನೂ ಸಿಗುವುದಿಲ್ಲ. ಅವರು ಪರೀಕ್ಷಿಸಿ, ದೋಷ ಕಂಡುಬಂದಿಲ್ಲ ಎಂದು ಸಹಿ ಹಾಕುತ್ತಾರೆ. ಹೀಗೆ ಬರೆಯಿರಿ: ಎಷ್ಟು ಹೊತ್ತಿಗೆ, ಯಾವ ಎತ್ತರ, ಯಾವ ವೇಗ, ವಿಮಾನ ವಾಲಿತ್ತೇ ನೆಟ್ಟಗಿತ್ತೇ, ಕೆಳಗೆ ನೀರೇ ಕಾಡೇ ಮರಳೇ, ಚಂದ್ರ ಇತ್ತೇ, ಹೊರಗಿನ ಉಷ್ಣಾಂಶವೆಷ್ಟು, ಪಕ್ಕದವರಿಗೂ ಕಂಡಿತೇ, ನೀವು ಏನು ಬದಲಿಸಿ ನೋಡಿದಿರಿ, ಬದಲಿಸಿದಾಗ ಏನಾಯಿತು. ತಣ್ಣಗಾದಾಗ ಮಾತ್ರ ಬಿರಿಯುವ ಕನೆಕ್ಟರ್, ನಡುಗಿದಾಗ ಮಾತ್ರ ಬಿಡುವ ತಂತಿ ಈ ವಿವರಗಳಿಂದಲೇ ಸಿಗುತ್ತವೆ.

ಒಂದೇ ವಿಮಾನದ ಪುಸ್ತಕದಲ್ಲಿ ಒಂದೇ ದೂರು ಬೇರೆ ಬೇರೆ ಸಿಬ್ಬಂದಿಯಿಂದ ಮತ್ತೆ ಬಂದಿದ್ದರೆ, ಹಿಂದಿನ ಸಹಿಯ ಕೆಳಗೆ ಇನ್ನೊಂದು "ದೋಷವಿಲ್ಲ" ಸೇರಿಸಬೇಡಿ. ಆ ವಿಮಾನವನ್ನು ತಗ್ಗು ಹಾರಾಟದ ಪಟ್ಟಿಯಿಂದ ತೆಗೆದು, ಹಗಲಿನಲ್ಲಿ ಸುರಕ್ಷಿತ ಎತ್ತರದಲ್ಲಿ, ಅದೇ ವೇಗ ಅದೇ ಉಷ್ಣಾಂಶದಲ್ಲಿ ಪರೀಕ್ಷಾ ಹಾರಾಟ ಮಾಡಿಸಿ; ದೂರು ಬರೆದವರಲ್ಲಿ ಒಬ್ಬರಾದರೂ ಆ ಹಾರಾಟದಲ್ಲಿರಲಿ.